ನಮ್ಮ ಕೇರಿಗೆ ಬಂದ ಎರಡು ದೋಣಿ



ಹೋದ ವಾರ ಹಾಕಿದ್ದ ಫೋಟೋ ನೋಡಿ ತುಂಬಾ ಜನ ಕೇಳಿದ್ರಿ, "ಏನಣ್ಣಾ ಅದು, ಮನೆ ಪಕ್ಕ ನೀಲಿ ಕಂಬದ ಮೇಲೆ ಮಲಗಿಸಿರೋದು? ನೀರಿನ ಟ್ಯಾಂಕಾ?" ಅಂತ. ಒಬ್ಬರಂತೂ ಏಪ್ರಿಲ್ 14ರ ಮೆರವಣಿಗೆಗೆ ಸ್ತಬ್ಧಚಿತ್ರದ ತಯಾರಿ ಅಂದ್ಕೊಂಡಿದ್ರು. ಅಲ್ಲ. ಅವು ಕಯಾಕ್. ಒಬ್ಬರೋ ಇಬ್ಬರೋ ಕೂತು, ಎರಡೂ ತುದಿಗೆ ಅಲಗು ಇರೋ ಹುಟ್ಟು ಹಾಕ್ಕೊಂಡು ಹೋಗೋ ಪ್ಲಾಸ್ಟಿಕ್ ದೋಣಿ. ನನ್ನ ಮೊಬೈಲಿನಲ್ಲಿ ಕಯಾಕ್ ಅಂತ ಒತ್ತಿದ್ರೆ ಅದು ತಾನಾಗೇ 'ಕಾಯಕ' ಮಾಡ್ತದೆ. ಎರಡು ಸಲ ತಿದ್ದಿದೆ. ಕೆಳಗೆ ಎಲ್ಲಾದ್ರೂ ಕಾಯಕ ಅಂತ ಉಳಿದಿದ್ರೆ ದೋಣಿ ಅಂತಲೇ ಓದ್ಕೊಳ್ಳಿ.

ಇವು ನಮ್ಮನೆಗೆ ಬಂದದ್ದು ಹೀಗೆ. ನನ್ನ ಅಕ್ಕನ ಮಗ ಪಿಯುಸಿ ಫೇಲಾದ ಮೇಲೆ ಶರಾವತಿ ಹಿನ್ನೀರಿನ ದಡದಲ್ಲಿದ್ದ ಒಂದು ಕ್ಯಾಂಪಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ. ಬೆಂಗಳೂರಿಂದ ಬರೋ ಐಟಿ ಹುಡುಗರನ್ನ ದೋಣಿಯಲ್ಲಿ ಕೂರಿಸೋದು, ಬಿದ್ರೆ ಎತ್ತೋದು, ಸಂಜೆ ಬೆಂಕಿ ಹಾಕಿಕೊಡೋದು. ಈಜು, ಹುಟ್ಟು ಎಲ್ಲಾ ಅಲ್ಲೇ ಕಲಿತ. ಆಮೇಲೆ ಕ್ಯಾಂಪ್ ಮುಚ್ಚಿತು. ಮೂರು ತಿಂಗಳ ಸಂಬಳ ಬಾಕಿ. ಕೇಳೋಕೆ ಹೋದ್ರೆ ಮಾಲೀಕ ಫೋನ್ ಎತ್ತಲ್ಲ. ನಾನೊಂದು ಕಾಗದ ಬರೆದೆ. ಅರ್ಜಿ ಬರೆಯೋದು ನನ್ನ ಕೈಗೆ ಅಂಟಿದ ಚಟ, ಆಫೀಸಿನಲ್ಲಿ ದಿನವಿಡೀ ಅದೇ ತಾನೆ. ಕಾರ್ಮಿಕ ಇಲಾಖೆಯ ಹೆಸರು ಬರ್ತಿದ್ದ ಹಾಗೆ ಮನುಷ್ಯ ಮೆತ್ತಗಾದ. ದುಡ್ಡಿಲ್ಲ, ಬೇಕಾದ್ರೆ ಎರಡು ಹಳೇ ಕಯಾಕ್, ನಾಲ್ಕು ಹುಟ್ಟು, ಐದು ಲೈಫ್ ಜಾಕೆಟ್ ತಗೊಂಡು ಹೋಗಿ ಅಂದ. ಹುಡುಗನ ಮುಖ ನೋಡಿದೆ. ಮೂರು ತಿಂಗಳ ಸಂಬಳ ಸಿಕ್ಕಿದ್ರೂ ಅಷ್ಟು ಅರಳ್ತಿರಲಿಲ್ಲ.

ಒಂದು ಹನ್ನೆರಡೂವರೆ ಅಡಿ, ಇಬ್ಬರು ಕೂರೋದು. ಇನ್ನೊಂದು ಹತ್ತಡಿ, ಒಬ್ಬರದ್ದು. ದೊಡ್ಡದು ಮೂವತ್ತು ಕೆಜಿಗಿಂತ ಜಾಸ್ತಿ. ಸಮಸ್ಯೆ ಶುರುವಾದದ್ದು ಇಡೋದೆಲ್ಲಿ ಅಂತ.

ಇಷ್ಟು ವರ್ಷ ಇವೇ ದೋಣಿಗಳು ಇದ್ದದ್ದು ನೀರಿಗೆ ಹತ್ತಿರದ ಒಬ್ಬ ಜಮೀನುದಾರರ ಅಡಿಕೆ ಚಪ್ಪರದ ಕೆಳಗೆ. ಕ್ಯಾಂಪಿನವರು ಬಾಡಿಗೆ ಕೊಡ್ತಿದ್ರು. ನಾವೂ ಅದೇ ಬಾಡಿಗೆ ಕೊಡ್ತೀವಿ, ಅಲ್ಲೇ ಇರಲಿ ಬಿಡಿ ಅಂತ ಕೇಳೋಕೆ ನಾನು, ಅಳಿಯ ಇಬ್ಬರೂ ಹೋದ್ವಿ. ಮನುಷ್ಯ ಒಳ್ಳೆಯವರೇ. ಜಗಲಿ ಮೇಲಲ್ಲ, ಅಂಗಳದಲ್ಲಿ ಕುರ್ಚಿ ಹಾಕಿಸಿ ಕೂರಿಸಿದ್ರು. ಬೆಲ್ಲ ನೀರು ಬಂತು. ಪೇಪರ್ ಲೋಟದಲ್ಲಿ ಬಂತು. ಈಗೆಲ್ಲಾ ಪೇಪರ್ ಲೋಟ ಬಂದು ಎಲ್ಲರಿಗೂ ಅನುಕೂಲ ಆಗಿದೆ, ಯಾರೂ ಏನೂ ಹೇಳಬೇಕಾಗಿಲ್ಲ, ಯಾರೂ ಏನೂ ಕೇಳಬೇಕಾಗಿಲ್ಲ.

"ಕೊಡಬಹುದಿತ್ತು ಮಾರಾಯ್ರೆ, ನಂಗೇನೂ ಇಲ್ಲ. ಆದ್ರೆ ನೀವು ಬಂದು ಹೋಗಿ ಮಾಡ್ಬೇಕಾದ್ರೆ ಬಾವಿಕಟ್ಟೆ ಪಕ್ಕದಲ್ಲೇ ದಾಟ್ಬೇಕಲ್ಲ. ಮನೇಲಿ ಅಮ್ಮ ಇದ್ದಾರೆ, ವಯಸ್ಸಾದವರು."

ನಾನು ಎದ್ದು ನಿಂತೆ. ಅಳಿಯ ಮಾತ್ರ ಕೂತೇ ಕೇಳಿದ. "ನಾನು ನಾಲ್ಕು ವರ್ಷ ದಿನಾ ಅದೇ ಬಾವಿ ಪಕ್ಕ ಈ ದೋಣಿ ಹೊತ್ಕೊಂಡು ಓಡಾಡಿದ್ನಲ್ಲ ಸಾರ್?"

ಅವರಿಗೆ ನಿಜವಾಗಿಯೂ ಉತ್ತರ ಹೊಳೆಯಲಿಲ್ಲ. "ಆವಾಗ ಕ್ಯಾಂಪಿನವರದ್ದು ಇತ್ತಲ್ಲ" ಅಂದ್ರು.

ದೋಣಿ ಅದೇ. ಹೊರೋ ಹೆಗಲೂ ಅದೇ. ಕ್ಯಾಂಪಿನವರ ದೋಣಿಯನ್ನ ನಮ್ಮ ಹುಡುಗ ಹೊತ್ರೆ ಬಾವಿಗೆ ಏನೂ ಆಗಲ್ಲ, ನಮ್ಮ ಹುಡುಗನದ್ದೇ ದೋಣಿಯಾದ್ರೆ ಆಗ್ತದೆ. ಸಂಘಟನೆಯಲ್ಲಿ ಇಪ್ಪತ್ತು ವರ್ಷ ಭಾಷಣ ಕೇಳಿದ್ದೀನಿ, ನಾನೂ ಮಾಡಿದ್ದೀನಿ, ಇಷ್ಟು ಸಲೀಸಾಗಿ ಯಾರೂ ನನಗೆ ಅರ್ಥ ಮಾಡಿಸಿರಲಿಲ್ಲ. ಕೇಸು ಹಾಕೋಣ ಅಂದೆ. "ಬೇಡ ಮಾಮ, ಅವರ ತೋಟದಲ್ಲಿ ಅವ್ವ ಕೊನೆ ಸುಲಿಯೋಕೆ ಹೋಗ್ತಾಳೆ" ಅಂದ ಹುಡುಗ. ಕಾಮೆಂಟಿನಲ್ಲಿ ಹೆಸರು ಹೇಳಿ ಅಂತ ಯಾರೂ ಒತ್ತಾಯ ಮಾಡ್ಬೇಡಿ, ಕಾರಣ ಇದೇ.

ಲಗೇಜ್ ಆಟೋದಲ್ಲಿ ಕಟ್ಟಿಸಿ, ಹಿಂದೆ ಆರಡಿ ಹೊರಗೆ ಚಾಚ್ಕೊಂಡು, ತುದಿಗೆ ಕೆಂಪು ಬಟ್ಟೆ ಕಟ್ಟಿ ಕೇರಿಗೆ ತಂದ್ವಿ.

ನಮ್ಮದು 20-30ರ ಸೈಟು. ಜನತಾ ಮನೆ, ಮೇಲೆ ಹಂಚು. ಮನೆಗೂ ಕಾಂಪೌಂಡಿಗೂ ಮಧ್ಯೆ ನಾಲ್ಕಡಿ ಸಂದಿ, ಅದೇ ಬಚ್ಚಲಿಗೆ ಹೋಗೋ ದಾರಿ. ದೊಡ್ಡ ದೋಣಿಯ ಅಗಲವೇ ಹತ್ತಿರ ಹತ್ತಿರ ಮೂರಡಿ. ಮಲಗಿಸಿದ್ರೆ ಅವ್ವ ಬಚ್ಚಲಿಗೆ ಹೋಗೋ ಹಾಗಿಲ್ಲ. ಒಂದು ವಾರ ಅಂಗಳದಲ್ಲಿ ನೆಲದ ಮೇಲೇ ಇತ್ತು. ಕೋಳಿ ಒಳಗೆ ಮೊಟ್ಟೆ ಇಡ್ತು.

ನಮ್ಮ ಬೀದಿಯಲ್ಲೇ ಗೇಟು, ಕಿಟಕಿ ಮಾಡೋ ವೆಲ್ಡಿಂಗ್ ಹುಡುಗ ಇದ್ದಾನೆ. ಗುಜರಿಯಿಂದ ಎರಡಿಂಚಿನ ಹಳೇ ಜಿಐ ಪೈಪ್ ತೂಕಕ್ಕೆ ತಂದ್ವಿ. ಎರಡು ಕಂಬ, ಒಂದೊಂದಕ್ಕೂ ಮೂರು ಮೂರು ತೋಳು. ಇಷ್ಟೇ ತಾನೆ ಅಂದ್ಕೊಂಡ್ವಿ. ಜಾಗ ಉಳಿಯಲಿ ಅಂತ ಕಂಬಗಳನ್ನ ನಾಲ್ಕಡಿ ಅಂತರದಲ್ಲಿ ನಿಲ್ಲಿಸಿ, ಬರೀ ಪೈಪಿನ ಮೇಲೆ ದೋಣಿ ಇಟ್ವಿ. ಮಾರ್ಚ್ ಬಿಸಿಲು ಬೇರೆ. ಹತ್ತು ದಿನಕ್ಕೆ ಎರಡೂ ತುದಿ ಜೋತು ಬಿದ್ದು, ಪೈಪ್ ತಾಗಿದ ಕಡೆ ತಳ ಒಳಕ್ಕೆ ಕುಳಿ ಬಿದ್ದಿತ್ತು. ಈ ದೋಣಿ ಪಾಲಿಥೀನಿನದ್ದು, ನಮ್ಮ ಬಿಂದಿಗೆ ಪ್ಲಾಸ್ಟಿಕ್ಕಿನ ದೊಡ್ಡಪ್ಪನ ಮಗ. ಬಿಸಿಲಿಗೆ ಮೆತ್ತಗಾಗ್ತದೆ, ಮೆತ್ತಗಾದಾಗ ಹ್ಯಾಗೆ ಕೂತಿರ್ತದೋ ಹಾಗೇ ಗಟ್ಟಿಯಾಗ್ತದೆ. ತಳ ಡೊಂಕಾದ ದೋಣಿ ನೀರಿನಲ್ಲಿ ನೆಟ್ಟಗೆ ಹೋಗಲ್ಲ.

ಅಳಿಯ ಅವತ್ತು ಊಟ ಮಾಡಲಿಲ್ಲ. ಮರುದಿನ ಮಧ್ಯಾಹ್ನ ದೋಣಿಯನ್ನ ಸುಡು ಬಿಸಿಲಲ್ಲಿ ಬೋರಲು ಹಾಕಿ, ಕುಳಿ ಬಿದ್ದ ಜಾಗಕ್ಕೆ ಅವ್ವ ಸ್ನಾನದ ಹಂಡೆಯಿಂದ ಕುದಿಯೋ ನೀರು ತಂದು ನಿಧಾನಕ್ಕೆ ಹುಯ್ದಳು. ಅವನು ಒಳಗಿಂದ ಬಟ್ಟೆ ಸುತ್ತಿದ ಒನಕೆಯಿಂದ ಒತ್ತಿದ. ಮುಕ್ಕಾಲು ಪಾಲು ಸರಿಹೋಯ್ತು. ಇನ್ನು ಕಾಲು ಪಾಲು ಹಾಗೇ ಇದೆ, ಕೈಯಾಡಿಸಿದ್ರೆ ಗೊತ್ತಾಗ್ತದೆ.

ಎರಡನೇ ಸಲ ಮೈಮೇಲೆ ಜ್ಞಾನ ಇಟ್ಕೊಂಡು ಮಾಡಿದ್ವಿ. ಯಾರಾದ್ರೂ ಮಾಡೋದಿದ್ರೆ ಕೇಳಿಸ್ಕೊಳ್ಳಿ. ದೋಣಿಯ ಉದ್ದದಲ್ಲಿ ಎರಡೂ ತುದಿಯಿಂದ ಕಾಲು ಭಾಗ ಒಳಗೆ ಬಂದ್ರೆ ಅಲ್ಲಿ ತೋಳು ಇರಬೇಕು, ಅಂದ್ರೆ ನಮ್ಮ ದೊಡ್ಡದಕ್ಕೆ ಕಂಬದಿಂದ ಕಂಬಕ್ಕೆ ಆರು ಕಾಲಡಿ. ದೋಣಿಯನ್ನ ತಳದ ಮೇಲೆ ಕೂರಿಸಬಾರದು, ಮಗ್ಗುಲಿಗೆ ಮಲಗಿಸಬೇಕು. ಅಂಚು ಗಟ್ಟಿ ಇರ್ತದೆ, ಭಾರ ತಡೀತದೆ. ಮಗ್ಗುಲಾದ್ರೆ ಒಂದೂವರೆ ಅಡಿ ತೋಳು ಸಾಕು, ನಮ್ಮ ಸಂದಿಯಲ್ಲಿ ಎರಡೂವರೆ ಅಡಿ ದಾರಿ ಉಳೀತು, ಅವ್ವನ ಬಚ್ಚಲ ಸಮಸ್ಯೆಯೂ ಮುಗೀತು. ತೋಳಿನ ತುದಿ ಸ್ವಲ್ಪ ಮೇಲಕ್ಕೆ ಎತ್ತಿರಬೇಕು, ಇಲ್ಲಾಂದ್ರೆ ಜಾರ್ತದೆ. ಪೈಪಿಗೆ ಬಸ್ಸಿನ ಹಳೇ ಟ್ಯೂಬ್ ಸೀಳಿ ಸುತ್ತಿ, ಅದರ ಮೇಲೆ ನೈಲಾನ್ ನವಾರವನ್ನ ತೊಟ್ಟಿಲ ಹಾಗೆ ಜೋಲಿಸಿದ್ವಿ. ಮಂಚದ ನವಾರವೇ. ಹತ್ತಿಯದ್ದು ಬೇಡ, ನಮ್ಮ ಕಡೆ ಮಳೆಗೆ ಒಂದೇ ವರ್ಷದಲ್ಲಿ ಕೊಳೆತು ಹೋಗ್ತದೆ. ಭಾರ ಹೊರೋದು ನವಾರ, ಕಬ್ಬಿಣ ದೋಣಿಗೆ ತಾಗೋದೇ ಇಲ್ಲ. ಹಿಡಿಕೆ ಕಟ್ಟಿ ನೇತು ಹಾಕೋದಂತೂ ಬೇಡವೇ ಬೇಡ.

ಕಂಬಕ್ಕೆ ಎರಡಡಿ ಗುಂಡಿ ತೋಡಿ ಕಾಂಕ್ರೀಟ್. ಮೇಲೆ ನೆಲಕ್ಕಿಂತ ನಾಲ್ಕಿಂಚು ಎತ್ತರಿಸಿ ಇಳಿಜಾರು ಮಾಡಿದ್ವಿ, ಬುಡದಲ್ಲಿ ನೀರು ನಿಂತ್ರೆ ಪೈಪ್ ಅಲ್ಲೇ ತುಕ್ಕು ಹಿಡಿದು ಮುರೀತದೆ. ರೆಡ್ ಆಕ್ಸೈಡ್ ಎರಡು ಕೋಟಿಂಗ್, ಮೇಲೆ ಪೇಂಟು. ಬಣ್ಣ ಯಾವುದು ಅಂತ ಚರ್ಚೆಯೇ ಆಗಲಿಲ್ಲ. ಮೇಲೆ ಶೀಟು. ಪಡುವಣ ಬಿಸಿಲಿಗೆ ಅಡಿಕೆ ಸೋಗೆಯ ತಟ್ಟಿ, ಮಳೆಗಾಲದಲ್ಲಿ ಗೋಡೆಗೆ ಕಟ್ಟೋದು ನಮಗೆ ಗೊತ್ತೇ ಇದೆಯಲ್ಲ. ಟಾರ್ಪಾಲ್ ಬಿಗಿಯಾಗಿ ಸುತ್ತಿದ್ರೆ ಒಳಗೆ ಬೇಯ್ತದೆ. ನೀರು ಬಸಿಯೋ ಬಿರಡೆ ತೆಗೆದಿಡಬೇಕು, ಕೂರೋ ಮುಖ ಗೋಡೆ ಕಡೆಗೆ. ಇಲ್ಲಾಂದ್ರೆ ಮಳೆನೀರು ನಿಂತು ಸೊಳ್ಳೆ. ಇಳಿಸೋ ಮುಂಚೆ ಒಳಗೊಂದು ಕೋಲು ಆಡಿಸಿ, ಕೇರೆ ಹಾವು ಒಂದು ಸಲ ಇತ್ತು. ಒಟ್ಟು ಖರ್ಚು 9,300. ವೆಲ್ಡಿಂಗ್ ಹುಡುಗ ಕೂಲಿ ತಗೊಳ್ಳಲಿಲ್ಲ, "ನಂಗೊಂದು ರೌಂಡು ಹೊಡೆಸಿದ್ರೆ ಸಾಕಣ್ಣ" ಅಂದ.

ಕೆಲಸ ನಡೀತಿದ್ದಾಗ ಅವ್ವ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಂಡು ನೋಡ್ತಿದ್ದಳು. ಇದ್ದಕ್ಕಿದ್ದ ಹಾಗೆ, "ನಮ್ಮಪ್ಪ ಇದ್ದಿದ್ರೆ ಈ ಪ್ಲಾಸ್ಟಿಕ್ ನೋಡಿ ನಗ್ತಿದ್ದ" ಅಂದಳು. ನನ್ನ ಅಜ್ಜ ತುಂಗಭದ್ರೆ ದಡದವನು. ಚರ್ಮ ಹದ ಮಾಡೋದು ಮನೆತನದ ಕೆಲಸ. ಚಪ್ಪಲಿ, ಮಿಣಿ, ಬಾರುಕೋಲು ಗೊತ್ತಿತ್ತು ನನಗೆ. ಹರಿಗೋಲಿಗೂ ಚರ್ಮ ಕೊಡ್ತಿದ್ದ ಅನ್ನೋದು ಅವತ್ತೇ ಗೊತ್ತಾದದ್ದು. ಈಗ ಹರಿಗೋಲಿಗೆ ಪ್ಲಾಸ್ಟಿಕ್ ಹಾಳೆ ಹಾಕಿ ಡಾಂಬರು ಬಳೀತಾರೆ. ಆಗ ಬಿದಿರಿನ ಬುಟ್ಟಿಗೆ ದನದ ಚರ್ಮ ಬಿಗೀತಿದ್ರು. ಅಜ್ಜ ಹದ ಮಾಡಿದ ಚರ್ಮದ ಮೇಲೆ ಊರಿನವರೆಲ್ಲಾ ಕಾಲು ಮಡಚಿ ಕೂತು ಹೊಳೆ ದಾಟೋರು. ಅಜ್ಜ ದಾಟಬೇಕಂದ್ರೆ ಎಲ್ಲರೂ ದಾಟಿ ಆದ ಮೇಲೆ, ಕಡೇ ಸುತ್ತು. ಅವ್ವ ಇದನ್ನ ಹೇಳಿದ್ದು ಸಿಟ್ಟಿನಿಂದಲ್ಲ, ಅಡಿಕೆ ಹೋಳು ಮಾಡ್ತಾ ಮಾಡ್ತಾ.

ಆ ರಾತ್ರಿ ನಾನು ಕಯಾಕ್ ಬಗ್ಗೆ ಓದಿದೆ. ಅದು ಗ್ರೀನ್‌ಲ್ಯಾಂಡ್, ಕೆನಡಾದ ಉತ್ತರ ತುದಿಯ ಇನ್ಯೂಟ್ ಜನರ ದೋಣಿ. ಮರ ಬೆಳೆಯದ ಊರು. ಸಮುದ್ರ ತಂದು ಹಾಕಿದ ಮರದ ತುಂಡು, ತಿಮಿಂಗಿಲದ ಮೂಳೆ ಕಟ್ಟಿ ಚೌಕಟ್ಟು ಮಾಡಿ, ಮೇಲೆ ಸೀಲ್ ಪ್ರಾಣಿಯ ಚರ್ಮ ಬಿಗಿಯೋದು. ಚರ್ಮ ಹದ ಮಾಡಿ ಹೊಲಿಯೋರು ಹೆಂಗಸರು. ಒಂದು ಹನಿ ನೀರು ಒಳಗೆ ಬರಬಾರದು, ಬಂದ್ರೆ ಗಂಡ ಸಾಯ್ತಾನೆ, ಅಂಥ ಹೊಲಿಗೆ. ಅವರೂ ಹೀಗೇ ಎತ್ತರದ ಅಟ್ಟಣಿಗೆ ಕಟ್ಟಿ ಅದರ ಮೇಲೆ ಇಡ್ತಿದ್ರಂತೆ. ಯಾಕೆ ಗೊತ್ತಾ? ನೆಲದಲ್ಲಿಟ್ರೆ ಅವರ ನಾಯಿಗಳು ಚರ್ಮ ಅಂತ ತಿಂದು ಹಾಕ್ತವೆ. ಬೆಳಗ್ಗೆ ಅವ್ವನಿಗೆ ಹೇಳಿದೆ. "ಅವರನ್ನ ಊರಾಚೆ ಇಟ್ಟಿದ್ರಾ?" ಅಂತ ಕೇಳಿದಳು. ಇಲ್ಲವ್ವ, ಅಲ್ಲಿ ಎಲ್ಲರೂ ಅದೇ ಜನ ಅಂದೆ. "ಮತ್ತೆ ಸರಿ" ಅಂದಳು.

ಅಜ್ಜ ಈ ಕಡೆ ಬಂದದ್ದು ಲಿಂಗನಮಕ್ಕಿ ಅಣೆಕಟ್ಟೆಗೆ ಮಣ್ಣು ಹೊರೋಕೆ. 1964ಕ್ಕೆ ಕಟ್ಟೆ ಮುಗೀತು, ಅಜ್ಜ ಇಲ್ಲೇ ಉಳಿದ. ಆ ಕಟ್ಟೆ ನಿಲ್ಲಿಸಿದ ನೀರೇ ಈ ಹಿನ್ನೀರು. ಅದರಲ್ಲಿ ಅಜ್ಜ ಒಂದು ದಿನವೂ ಇಳಿದವನಲ್ಲ. ನಾನೂ ಅಷ್ಟೇ. ನಲವತ್ತಾರು ವಯಸ್ಸು, ನೀರಿನ ಪಕ್ಕದಲ್ಲೇ ಬೆಳೆದೆ, ಈಜು ಬರಲ್ಲ. ನಾವು ಚಿಕ್ಕವರಿದ್ದಾಗ ಕೆರೆಗೆ ಇಳಿದ್ರೆ ಕಲ್ಲು ಬೀಳ್ತಿತ್ತು. ಈಜು ಕಲಿಯೋಕೆ ಮೊದಲು ಒಂದು ಕೆರೆ ಬೇಕಲ್ಲ. ಈಗ ಕಲ್ಲು ಹೊಡೆಯೋರು ಇಲ್ಲ, ಆದ್ರೆ ಅಪ್ಪನಿಗೆ ಬರದ ಈಜು ಮಗನಿಗೆ ಯಾರು ಕಲಿಸ್ತಾರೆ? ನಮ್ಮ ಕೇರಿಯ ಮಕ್ಕಳು ನೀರು ಕಂಡ್ರೆ ಒಂದೋ ಹೆದರ್ತವೆ, ಇಲ್ಲಾ ಗೊತ್ತಿಲ್ಲದೆ ಇಳಿದು ಮುಳುಗ್ತವೆ.

ಹಾಗಾಗಿ ಸದ್ಯಕ್ಕೆ ಬಾಡಿಗೆ, ವ್ಯಾಪಾರ ಏನೂ ಇಲ್ಲ. ಅದಕ್ಕೆ ಪರವಾನಗಿ ಬೇಕು, ಅಳಿಯನ ಹೆಸರಲ್ಲಿ ಅರ್ಜಿ ಹೋಗಿದೆ, ಮೇಜಿಂದ ಮೇಜಿಗೆ ನಡೀತಿದೆ. ಮೇಜುಗಳ ವಿಷಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅಲ್ಲೀ ತನಕ ಭಾನುವಾರ ಬೆಳಗ್ಗೆ ಕೇರಿಯ ಮಕ್ಕಳಿಗೆ ಈಜು. ಆರು ಕಿಲೋಮೀಟರ್, ಲಗೇಜ್ ಆಟೋ, ನಾವೇ ಚಂದಾ ಹಾಕ್ಕೊಳ್ತೀವಿ. ಬಾವಿ ಇರೋ ಆ ಅಂಗಳ ಬಿಟ್ಟು, ಒಂದು ಫರ್ಲಾಂಗ್ ಸುತ್ತಿ, ಸರ್ಕಾರಿ ರಸ್ತೆ ನೇರ ನೀರಿಗೆ ಇಳಿಯೋ ಜಾಗ ಹುಡುಕಿದ್ದೀವಿ. ಹಿಂದೆ ಊರಿಗೆ ಹೋಗ್ತಿದ್ದ ರಸ್ತೆ, ಈಗ ಮುಳುಗಿದೆ.

ಮೊದಲ ಸಲ ಇಳಿಸಿದ್ದು ಮಾರ್ಚ್ 20ಕ್ಕೆ, ರಿಪೇರಿಯಾದ ಮರುದಿನವೇ, ರ‍್ಯಾಕಿನ ಪೇಂಟ್ ಇನ್ನೂ ಒಣಗಿರಲಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವ್ದಾರ್ ಕೆರೆಯಲ್ಲಿ ಬೊಗಸೆ ನೀರು ಕುಡಿದ ದಿನ. ನಾನು ಅದರ ಬಗ್ಗೆ ಮಕ್ಕಳಿಗೆ ಎರಡು ಮಾತು ಹೇಳಬೇಕು ಅಂತ ಚೀಟಿ ಬರ್ಕೊಂಡು ಹೋಗಿದ್ದೆ. ಯಾರೂ ಕೇಳಿಸ್ಕೊಳ್ಳಲಿಲ್ಲ, ಎಲ್ಲವೂ ಆಗಲೇ ನೀರಲ್ಲಿದ್ದವು. ಅವ್ವ ದೊಡ್ಡ ದೋಣಿಯ ಮುಂದಿನ ಸೀಟಿನಲ್ಲಿ ಕೂತಳು. ಸೀರೆ ಮೇಲೆ ಕಿತ್ತಳೆ ಜಾಕೆಟ್. ಮೊದಲ ಸುತ್ತೇ ಅವಳದ್ದು. ಹತ್ತು ನಿಮಿಷ ಮಾತೇ ಆಡಲಿಲ್ಲವಂತೆ, ವಾಪಸ್ ಬಂದ ಮೇಲೆ "ಸೊಂಟ ಹಿಡ್ಕೊಳ್ತು, ಹಿಂದೆ ಒರಗೋಕೆ ಏನಾದ್ರೂ ಹಾಕ್ಸು" ಅಂದಳು.

ರ‍್ಯಾಕಿನ ಮೂರನೇ ತೋಳು ಖಾಲಿ ಇದೆ. ಸದ್ಯಕ್ಕೆ ಅವ್ವ ಅದರ ಮೇಲೆ ಕೌದಿ ಒಣಗಿಸ್ತಾಳೆ.

ಒಂದು ವಿನಂತಿ. ನಮ್ಮ ಹತ್ತಿರ ಇರೋ ಐದು ಲೈಫ್ ಜಾಕೆಟ್ ದೊಡ್ಡವರ ಸೈಜಿನವು, ಮಕ್ಕಳಿಗೆ ಹಾಕಿದ್ರೆ ಮೇಲಕ್ಕೆ ಸರಿದು ತಲೆ ದಾಟಿ ಬರ್ತವೆ, ಅಪಾಯ. ಯಾರ ಹತ್ತಿರವಾದ್ರೂ 20ರಿಂದ 35 ಕೆಜಿ ಮಕ್ಕಳಿಗೆ ಆಗೋ ಜಾಕೆಟ್ ಇದ್ರೆ, ಹಳೇದಾದ್ರೂ ಪರವಾಗಿಲ್ಲ, ಬಕಲ್ ಮತ್ತು ಒಳಗಿನ ಫೋಮ್ ಚೆನ್ನಾಗಿರಬೇಕು. ಇನ್‌ಬಾಕ್ಸಿಗೆ ಬನ್ನಿ. ಬಸ್ಸಿಗೆ ಹಾಕಿಸಿದ್ರೆ ಸಾಗರದಲ್ಲಿ ನಾನೇ ಬಂದು ಇಳಿಸ್ಕೊಳ್ತೀನಿ.

ಜೈಭೀಮ್.