ಗುಹೆಯೊಳಗೆ ಲೈಟ್ ಬಾಯ್ ಇರೋದಿಲ್ಲ, ಹುಷಾರ್!

ಹೀರೋ ಗುಹೆಗೆ ನುಗ್ಗುತ್ತಾನೆ. ಕೈಯಲ್ಲಿ ಒಂದೇ ಒಂದು ಪಂಜು. ಆದರೂ ಒಳಗೆಲ್ಲ ಬೆಳಕೋ ಬೆಳಕು! ವಿಲನ್ನಿನ ಮೀಸೆಯ ಒಂದೊಂದು ಕೂದಲೂ ಕಾಣುತ್ತೆ. ಆ ಬೆಳಕು ಎಲ್ಲಿಂದ ಬಂತು ಅಂತ ಬಾಲ್ಕನಿಯಲ್ಲಾಗಲಿ, ಗಾಂಧಿ ಕ್ಲಾಸಿನಲ್ಲಾಗಲಿ ಯಾರೂ ಕೇಳೋದಿಲ್ಲ. ಕೇಳಲೂಬಾರದು. ಅದು ಸಿನಿಮಾ.

ಆದರೆ ಸಿನಿಮಾ ನೋಡಿ ಗುಹೆ ಹುಡುಕಿಕೊಂಡು ಹೊರಡುವ ತಮ್ಮಂದಿರಿದ್ದಾರಲ್ಲ, ಅವರು ಕೇಳಬೇಕು. ‘ನಮ್ಮೂರ ಮಂದಾರ ಹೂವೆ’ ಬಂದಮೇಲೆ ಯಾಣದ ಕಪ್ಪು ಬಂಡೆಗಳನ್ನು ನೋಡಲು ಎಷ್ಟು ಜನ ಬಸ್ಸು ಹತ್ತಿದರು! 2024ರಲ್ಲಿ ಮಲಯಾಳದ ‘ಮಂಜುಮ್ಮೆಲ್ ಬಾಯ್ಸ್’ ಬಂದಾಗ ಎಲ್ಲರೂ ಕೊಡೈಕೆನಾಲಿನ ಕಡೆ ಓಡಿದರು. ಹೋಗಿ, ಬೇಡ ಅನ್ನೋದಿಲ್ಲ. ಹೊರಡುವ ಮುಂಚೆ ನಾಲ್ಕು ಮಾತು ಕೇಳಿಸಿಕೊಂಡು ಹೋಗಿ.

ಪರದೆಯ ಮೇಲಿನ ಗುಹೆ, ನೆಲದ ಮೇಲಿನ ಗುಹೆ

ಕೊಡೈಕೆನಾಲಿನ ಆ ಜಾಗಕ್ಕೆ ಹಳೆಯ ಹೆಸರು ಡೆವಿಲ್ಸ್ ಕಿಚನ್. ಅಂದರೆ ದೆವ್ವದ ಅಡುಗೆಮನೆ! 1991ರಲ್ಲಿ ಕಮಲಹಾಸನ್ ಅವರ ‘ಗುಣಾ’ ಅಲ್ಲಿ ಚಿತ್ರೀಕರಣವಾದ ಮೇಲೆ ಗುಣಾ ಗುಹೆ ಅಂತಲೇ ಹೆಸರಾಯಿತು. ದೊಡ್ಡ ದೊಡ್ಡ ಬಂಡೆಗಳ ನಡುವೆ ಆಳವಾದ ಬಿರುಕುಗಳು. ಮೇಲೆ ನಿಂತರೆ ಮರದ ಬೇರು, ಪಾಚಿ, ಮಂಜು ಕಾಣುತ್ತೆ. ಕಾಲಡಿಯ ಬಾಯಿ ಕಾಣೋದಿಲ್ಲ.

2006ರಲ್ಲಿ ಕೊಚ್ಚಿ ಹತ್ತಿರದ ಮಂಜುಮ್ಮೆಲ್‌ನಿಂದ ಬಂದ ಗೆಳೆಯರ ಗುಂಪಿನಲ್ಲಿ ಒಬ್ಬ ಹಾಗೇ ಜಾರಿ ಒಳಗೆ ಬಿದ್ದ. ಜೊತೆಗಾರನೊಬ್ಬ ಹಗ್ಗ ಕಟ್ಟಿಕೊಂಡು ಇಳಿದು ಅವನನ್ನು ಎತ್ತಿ ತಂದ. ನಿಜವಾದ ಕಥೆ ಅದು. ಆದರೆ ಒಂದು ಗುಟ್ಟು ಹೇಳ್ತೀನಿ, ಸಿನಿಮಾದಲ್ಲಿ ನೀವು ಉಸಿರು ಬಿಗಿಹಿಡಿದು ನೋಡಿದ ಗುಹೆಯ ಒಳಭಾಗ ಬಹುಪಾಲು ಕೇರಳದ ಪೆರುಂಬಾವೂರಿನಲ್ಲಿ ಹಾಕಿದ ಸೆಟ್! ಅಲ್ಲಿ ‘ಕಟ್’ ಅಂದರೆ ನಟ ಎದ್ದು ಚಹಾ ಕುಡಿಯಬಹುದು. ಅಸಲಿ ಗುಹೆಯ ಬಾಯಿಗೆ ಬೇಲಿ ಹಾಕಿದ್ದಾರೆ. ಆ ಬೇಲಿ ದಾಟಿ ಒಳಗೆ ಹೋದ ಹುಡುಗರನ್ನು 2024ರಲ್ಲಿ ಹಿಡಿದದ್ದೂ ಆಯಿತು.

ನಾನು ಕಂಡ ಬೇಲಂ

ಗುಹೆಯ ರುಚಿ ನೋಡಬೇಕು, ಜೀವಕ್ಕೂ ಅಪಾಯ ಬೇಡ ಅನ್ನೋರಿಗೆ ನಾನು ಹೇಳೋದು ಬೇಲಂ. ಬಿಲ ಅನ್ನೋ ಮಾತಿನಿಂದಲೇ ಬಂದ ಹೆಸರು. ಆಂಧ್ರದ ನಂದ್ಯಾಲ ಜಿಲ್ಲೆಯಲ್ಲಿದೆ. ನಾನು ಬೆಂಗಳೂರಿನಿಂದ ಅನಂತಪುರ, ಅಲ್ಲಿಂದ ತಾಡಿಪತ್ರಿ ಹಿಡಿದು ಹೋದೆ. ತಾಡಿಪತ್ರಿಯಿಂದ ಸುಮಾರು 30 ಕಿಲೋಮೀಟರು. ದಾರಿಯುದ್ದಕ್ಕೂ ಕಲ್ಲು ಚಪ್ಪಡಿಗಳ ರಾಶಿ, ಸಿಮೆಂಟಿನ ಧೂಳು, ಬಟಾಬಯಲು. ಇಲ್ಲೆಲ್ಲಿ ಗುಹೆ ಅನ್ನಿಸುತ್ತೆ. ನೆಲದಲ್ಲಿ ಬಾವಿಯ ಹಾಗೆ ಒಂದು ಬಾಯಿ, ಕಬ್ಬಿಣದ ಮೆಟ್ಟಿಲು. ಇಳಿದರೆ ಬೇರೆಯೇ ಲೋಕ!

1884ರಲ್ಲೇ ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ ಇದರ ವಿಷಯ ಬರೆದಿಟ್ಟಿದ್ದ. 1982-83ರಲ್ಲಿ ಜರ್ಮನಿಯ ಡೇನಿಯಲ್ ಗೆಬೌವರ್ ಮತ್ತು ಸಂಗಡಿಗರು ಒಳಹೊಕ್ಕು ಅಳೆದು ನಕ್ಷೆ ಮಾಡಿದರು. ಒಟ್ಟು ಉದ್ದ 3229 ಮೀಟರು. ಪ್ರವಾಸಿಗರಿಗೆ ಬಿಟ್ಟಿರೋದು ಸುಮಾರು ಒಂದೂವರೆ ಕಿಲೋಮೀಟರು, 2002ರಿಂದ. ಸುಣ್ಣದ ಕಲ್ಲನ್ನು ನೀರು ಸಾವಿರಾರು ವರ್ಷ ತಿಂದು ತಿಂದು ಕೊರೆದ ದಾರಿಗಳು. ಅತ್ಯಂತ ಆಳದ ಜಾಗ ಪಾತಾಳಗಂಗೆ, 46 ಮೀಟರು ಕೆಳಗೆ.

ಒಳಗೆ ತಂಪಿರುತ್ತೆ ಅಂದುಕೊಂಡು ಹೋಗಬೇಡಿ. ಹತ್ತೇ ನಿಮಿಷದಲ್ಲಿ ನನ್ನ ಶರ್ಟು ಹಿಂಡುವ ಹಾಗಾಯಿತು. ಗಾಳಿಗೆಂದು ಮೇಲಿನಿಂದ ಕೊಳವೆ ಕೊರೆದು ಯಂತ್ರದಿಂದ ಊದುತ್ತಾರೆ. ಆದರೂ ಬೆವರು ನಿಲ್ಲೋದಿಲ್ಲ. ಬಿ.ಪಿ., ಉಬ್ಬಸ ಇದ್ದೋರು ಯೋಚನೆ ಮಾಡಿ ಇಳಿಯಿರಿ.

ಒಂದು ಕಡೆ ದೀಪದ ಸಾಲು ಮುಗಿದು ಅಡ್ಡಗಂಬಿ ಹಾಕಿದ್ದರು. ಆಚೆಗೆ ಮಸಿ ಸುರಿದ ಹಾಗೆ ಕತ್ತಲೆ. ನಮ್ಮ ಕಡೆಯ ಹುಡುಗರಿಬ್ಬರು ಫೋಟೋಕ್ಕೆಂದು ಗಂಬಿ ದಾಟಲು ಕಾಲೆತ್ತಿದರು. ಗೈಡು ಸಿಳ್ಳೆ ಹೊಡೆದ ನೋಡಿ, ಇಡೀ ಗುಹೆ ಗುಂಯ್ ಅಂತು! ಹತ್ತಿರ ಬಂದು ತೆಲುಗು ಬೆರೆತ ಕನ್ನಡದಲ್ಲಿ ಹೇಳಿದ: “ಬಾಬೂ, ಸಿನಿಮಾದಲ್ಲಿ ಕತ್ತಲೆಗೂ ಲೈಟ್ ಹಾಕ್ತಾರೆ. ಇಲ್ಲಿ ಕತ್ತಲೆ ಅಂದ್ರೆ ಕತ್ತಲೆನೇ. ಹತ್ತು ಹೆಜ್ಜೆ ಹೋಗಿ ತಿರುಗಿದ್ರೆ ಬಂದ ದಾರಿ ಬೇರೆ ಥರ ಕಾಣ್ತದೆ.” ಹುಡುಗರು ಕಾಲು ಕೆಳಗಿಟ್ಟರು. ನಾನು ಆ ಮಾತನ್ನು ಬರೆದಿಟ್ಟುಕೊಂಡೆ.

ಕಾಡುಗುಹೆಗೆ ಹೋಗೋರಿಗೆ

ದೀಪ, ಗೈಡು ಇಲ್ಲದ ಗುಹೆಗೆ ಹೋಗೋದು ಬೇರೆಯೇ ವಿದ್ಯೆ. ತಿಳಿದವರ ಜೊತೆಗೆ, ಅನುಮತಿ ಪಡೆದು ಮಾತ್ರ ಹೋಗಿ. ಆ ವಿದ್ಯೆ ಬಲ್ಲವರು ಪಾಲಿಸೋ ನಿಯಮಗಳು ಇವು.

ಬೆಳಕು: ಒಬ್ಬೊಬ್ಬರಿಗೂ ಮೂರು ದೀಪ. ಒಂದು ತಲೆಯ ಮೇಲೆ, ಎರಡು ಜೇಬಿನಲ್ಲಿ. ಮೊಬೈಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಳಗೆ ಸಿಗ್ನಲ್ಲೂ ಇರೋದಿಲ್ಲ. ತಲೆಗೆ ಹೆಲ್ಮೆಟ್, ಕಾಲಿಗೆ ಜಾರದ ಬೂಟು. ಹವಾಯಿ ಚಪ್ಪಲಿ ಮನೆಯಲ್ಲೇ ಇರಲಿ.

ಜನ: ಕಡಿಮೆಯೆಂದರೆ ನಾಲ್ವರು. ಒಬ್ಬನಿಗೆ ಪೆಟ್ಟಾದರೆ ಒಬ್ಬ ಜೊತೆಗಿರಬೇಕು, ಇಬ್ಬರು ಹೊರಗೆ ಹೋಗಿ ಸಹಾಯ ತರಬೇಕು. ಎಷ್ಟು ಹೊತ್ತಿಗೆ ವಾಪಸ್ ಅನ್ನೋದನ್ನು ಹೊರಗೆ ಒಬ್ಬರಿಗೆ ಹೇಳಿಯೇ ಇಳಿಯಿರಿ. ಆ ಹೊತ್ತು ಮೀರಿದರೆ ಅವರು 112ಕ್ಕೆ ಫೋನ್ ಮಾಡಬೇಕು.

ನೀರು: ಮಳೆಗಾಲದಲ್ಲಿ ಗುಹೆ ಬೇಡವೇ ಬೇಡ. 2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಗೆ ಹನ್ನೆರಡು ಫುಟ್‌ಬಾಲ್ ಹುಡುಗರು, ಒಬ್ಬ ಕೋಚ್ ಹೋದರು. ಹೊರಗೆ ಮಳೆ ಸುರಿಯಿತು, ಒಳಗೆ ದಾರಿ ಮುಳುಗಿತು. ಪತ್ತೆಯಾದದ್ದು ಒಂಬತ್ತು ದಿನದ ಮೇಲೆ, ಕೊನೆಯವನು ಹೊರಬಂದದ್ದು ಜುಲೈ 10ಕ್ಕೆ. ನೀರು ಹೊರಹಾಕಲು ಸಲಹೆ ಕೊಡೋಕೆ ನಮ್ಮ ಹೊಲದ ಪಂಪ್‌ಸೆಟ್ಟಿನ ಕಿರ್ಲೋಸ್ಕರ್ ಕಂಪನಿಯ ತಜ್ಞರೂ ಹೋಗಿದ್ದರು! ಹದಿಮೂರೂ ಜನ ಉಳಿದರು. ಅವರಿಗಾಗಿ ಆಮ್ಲಜನಕ ಹೊತ್ತು ಈಜಿದ ಸಮನ್ ಕುನಾನ್ ಉಳಿಯಲಿಲ್ಲ.

ಗಾಳಿ: ಉತ್ತರ ಕರ್ನಾಟಕದ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಚ್ಚಿಟ್ಟ ಹಗೇವಿಗೆ ಬಾಯಿ ತೆಗೆದ ಕೂಡಲೇ ಯಾರಾದರೂ ಇಳೀತಾರಾ? ಗುಹೆಯ ತಗ್ಗಿನಲ್ಲೂ ಕೆಟ್ಟ ಗಾಳಿ ಹಾಗೇ ನಿಂತಿರುತ್ತೆ. ತಲೆನೋವು, ಏದುಸಿರು ಶುರುವಾಯಿತೋ, ಮಾತಿಲ್ಲದೆ ಹಿಂದಕ್ಕೆ! ಪಂಜು, ಪಟಾಕಿ, ಬೀಡಿ ಯಾವುದೂ ಬೇಡ. ಹೊಗೆ ಬಂಡೆಗಂಟಿದ ಹೆಜ್ಜೇನನ್ನೂ ಎಬ್ಬಿಸುತ್ತೆ. ಬಾವಲಿಗಳ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ರೋಗ ತರಬಲ್ಲದು, ಮೂಗಿಗೆ ಎನ್‌95 ಮಾಸ್ಕ್ ಇರಲಿ.

ದಾರಿ: ಪ್ರತಿ ಕವಲಿನಲ್ಲೂ ಹಿಂದಕ್ಕೆ ತಿರುಗಿ ನೋಡಿ ಗುರುತಿಟ್ಟುಕೊಳ್ಳಿ. ತಪ್ಪಿದಿರಾ? ಓಡಬೇಡಿ. ಎಲ್ಲರೂ ಒಂದೇ ಕಡೆ ಒತ್ತಾಗಿ ಕೂತು, ಒಂದು ದೀಪ ಮಾತ್ರ ಉರಿಸಿ ಕಾಯಿರಿ. ಗುಂಡು ಹಾಕಿದವನನ್ನು ಹೊರಗೇ ಬಿಟ್ಟು ಹೋಗಿ.

ಗೋಡೆಯ ಮೇಲೆ ಹೃದಯ ಕೊರೆದು ನಿಮ್ಮ ಹುಡುಗಿಯ ಹೆಸರು ಬರೆಯಬೇಡಿ. ಹನಿ ಹನಿ ನೀರು ಬಿದ್ದು ಬೆಳೆದ ಕಲ್ಲು ಅದು, ಮುರಿದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಚಿಗುರೋದಿಲ್ಲ.

ಸರಿ, ಹೋಗಿ ಬನ್ನಿ ತಮ್ಮಂದಿರೇ. ಬಾಯಲ್ಲಿ ಇಳಿಯೋ ಮೊದಲು ತಲೆ ಎಣಿಸಿ, ಹೊರಬಂದ ಮೇಲೆ ಇನ್ನೊಮ್ಮೆ ಎಣಿಸಿ. ಲೆಕ್ಕ ಸರಿಹೋದರೆ ತಾಡಿಪತ್ರಿಯಲ್ಲಿ ಒಂದು ಖಾರದ ಊಟ, ರಾತ್ರಿ ಸೆಕೆಂಡ್ ಶೋ!