ಒಳಗಡೆ ಏನಿದೆಯಂತೆ?

2025ರ ಜೂನ್ 9ರ ರಾತ್ರಿ ಸುರತ್ಕಲ್‌ನಿಂದ ಅಮ್ಮನ ಫೋನು. "ಯಾವುದೋ ಹಡಗಿಗೆ ಬೆಂಕಿ ಬಿದ್ದಿದೆಯಂತೆ, ಅದರಲ್ಲಿದ್ದವರನ್ನ ಪಣಂಬೂರಿಗೆ ತರ್ತಾರಂತೆ. ನಿಂಗೇನಾದ್ರೂ ಗೊತ್ತುಂಟಾ?" ಅಂತ. ನಾನು ಕಂಟೇನರ್ ಕಾಗದಪತ್ರದ ಕೆಲಸ ಮಾಡಿದ್ದು ಹದಿನೈದು ವರ್ಷದ ಹಿಂದೆ, ಅದೂ ಸಮುದ್ರದ ಗಾಳಿಯೇ ಬೀಸದ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ. ಆದರೂ ಅಮ್ಮನ ಪ್ರಕಾರ ಹಡಗಿನ ವಿಷಯದಲ್ಲಿ ನಾನೇ ತಜ್ಞ :)

ಅದು ವಾನ್ ಹೈ 503. ಸಿಂಗಾಪುರದ ಬಾವುಟದ ಹಡಗು, ಕೊಲಂಬೊದಿಂದ ಮುಂಬೈ ಕಡೆ ಹೊರಟಿತ್ತು. ಕೇರಳದ ತೀರದಾಚೆ ಸ್ಫೋಟ ಆಗಿ ಬೆಂಕಿ ಹತ್ತಿತು. ಇದ್ದವರು 22 ಜನ. 18 ಜನರನ್ನ ನೌಕಾಪಡೆಯ ಐಎನ್‌ಎಸ್ ಸೂರತ್ ಮಂಗಳೂರಿಗೆ ತಂದಿತು. ನಾಲ್ವರು ಸಿಗಲಿಲ್ಲ.

ಹಡಗಿನಲ್ಲಿ 1,754 ಕಂಟೇನರ್, ಅದರಲ್ಲಿ 157ರಲ್ಲಿ ಅಪಾಯಕಾರಿ ಸರಕು ಅಂತ ಪೇಪರಿನಲ್ಲಿ ಬಂತು. ಎಲ್ಲರೂ ಆ 157ರ ಬಗ್ಗೆ ಮಾತಾಡ್ತಿದ್ದರು. ನನ್ನ ತಲೆ ಮಾತ್ರ ಉಳಿದ 1,597ರ ಸುತ್ತಲೇ ಸುತ್ತುತ್ತಿತ್ತು. ಯಾಕೆ ಅಂತ ಇವತ್ತು ಬರೆದುಬಿಡ್ತೀನಿ. ಇಲ್ಲಿಯ ತನಕ ಮನೆಯಲ್ಲೂ ಹೇಳಿಲ್ಲ.

ನಮ್ಮ ಆಫೀಸಿನಲ್ಲಿ ನನ್ನ ಕೆಲಸ ಟೈಪ್ ಮಾಡೋದು. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್‌ನ ಕರಡು. ಬಿಲ್ ಆಫ್ ಲೇಡಿಂಗ್‌ನಲ್ಲಿ ಸರಕಿನ ಹೆಸರಿನ ಮೇಲೆ ಒಂದು ಸಾಲು ಇರುತ್ತೆ, 'ಸೆಡ್ ಟು ಕಂಟೇನ್' ಅಂತ. ಅಂದರೆ ಒಳಗಡೆ ಇಂಥದ್ದು ಇದೆ ಅಂತ ಕಳಿಸಿದವರು ಹೇಳಿದ್ದಾರೆ, ನಾವು ನೋಡಿಲ್ಲ. ನಮ್ಮ ಕನ್ನಡದಲ್ಲಾದರೆ ಇಷ್ಟೆಲ್ಲ ಬೇಡ, 'ಅಂತೆ' ಅಂದರೆ ಮುಗೀತು. ಫ್ಯಾಕ್ಟರಿಯಲ್ಲೇ ತುಂಬಿ ಸೀಲ್ ಹಾಕಿದ ಡಬ್ಬ ಹಡಗು ಹತ್ತುವ ತನಕ ಬಾಗಿಲು ತೆರೆಯದೇ ಇರೋದೇ ಹೆಚ್ಚು. ಕಸ್ಟಮ್ಸ್‌ನವರು ಎಲ್ಲೋ ಕೆಲವನ್ನ ಬಿಚ್ಚಿ ನೋಡ್ತಾರೆ. ಉಳಿದದ್ದೆಲ್ಲ ನನ್ನಂಥವನು ಟೈಪ್ ಮಾಡಿದ ಅಕ್ಷರದ ಮೇಲೆ ನಂಬಿಕೆ.

ತಿಪಟೂರು ಕಡೆಯ ಪಾರ್ಟಿ ಒಬ್ಬರಿದ್ದರು. ಸರಕು ತೆಂಗಿನ ಚಿಪ್ಪಿನ ಇದ್ದಿಲು, ಹೋಗಬೇಕಾದದ್ದು ದುಬೈನ ಜೆಬೆಲ್ ಅಲಿಗೆ, ಹುಕ್ಕಾದವರಿಗೆ. ಇದ್ದಿಲು ತಾನಾಗಿ ಕಾವೇರುವ ಸರಕಿನ ಪಟ್ಟಿಯಲ್ಲಿದೆ. ಆಗೆಲ್ಲ ಲ್ಯಾಬಿನ ಪರೀಕ್ಷೆಯಲ್ಲಿ ಪಾಸಾದರೆ ವಿನಾಯಿತಿ ಇತ್ತು (2026ರ ಜನವರಿಯಿಂದ ಆ ದಾರಿ ಮುಚ್ಚಿದೆ). ಪರೀಕ್ಷೆಗೆ ಟೈಮ್ ಇಲ್ಲ, ಅಪಾಯಕಾರಿ ಅಂದರೆ ಬಾಡಿಗೆ ಜಾಸ್ತಿ. ಸೀನಿಯರ್ ನನ್ನ ಕುರ್ಚಿ ಹಿಂದೆ ನಿಂತು, "ಕೋಕೋನಟ್ ಶೆಲ್ ಪ್ರಾಡಕ್ಟ್ ಅಂತ ಹಾಕಪ್ಪಾ, ಸುಳ್ಳೇನಲ್ಲವಲ್ಲ" ಅಂದರು. ಹಾಕಿದೆ. ಅರ್ಧ ನಿಮಿಷದ ಕೆಲಸ. ಆಮೇಲೆ ಕ್ಯಾಂಟೀನಿಗೆ ಹೋಗಿ ಟೀ ಕುಡಿದೆವು.

ನನಗೆ ಗೊತ್ತಿರಲಿಲ್ಲ ಅನ್ನೋ ಹಾಗೂ ಇಲ್ಲ. ನಮ್ಮ ಅಜ್ಜಿ ಇಸ್ತ್ರಿಪೆಟ್ಟಿಗೆಗೆ ಅಂತ ಗೆರಟೆ ಸುಟ್ಟು ಮಸಿ ಮಾಡ್ತಿದ್ದರು. ನೀರು ಚಿಮುಕಿಸಿ, ಅಂಗಳದಲ್ಲಿ ಹರವಿ, ಮಾರನೇ ದಿನವೂ ಕೈಯಿಟ್ಟು ನೋಡಿಯೇ ಗೋಣಿಗೆ ತುಂಬೋದು. "ಆರಿದ ಹಾಗೆ ಕಾಣ್ತದೆ, ಆರಿರುವುದಿಲ್ಲ" ಅಂತಿದ್ದರು. ಹೊಸ ಇದ್ದಿಲು ಗಾಳಿಯಲ್ಲಿನ ಆಮ್ಲಜನಕ ಹೀರಿಕೊಳ್ತಾ ಬಿಸಿಯಾಗುತ್ತೆ. ಹರವಿದರೆ ಕಾವು ಹೊರಗೆ ಹೋಗುತ್ತೆ. ಟನ್‌ಗಟ್ಟಲೆ ಕಬ್ಬಿಣದ ಡಬ್ಬದಲ್ಲಿ ಒತ್ತಿ ತುಂಬಿ ಬಿಸಿಲಿಗೆ ಬಿಟ್ಟರೆ ಎಲ್ಲಿಗೆ ಹೋಗಬೇಕು?

2019ರ ಜನವರಿಯಲ್ಲಿ ಅಟ್ಲಾಂಟಿಕ್‌ನಲ್ಲಿ ಯಾಂಟಿಯನ್ ಎಕ್ಸ್‌ಪ್ರೆಸ್ ಅನ್ನೋ ಹಡಗಿಗೆ ಬೆಂಕಿ ಬಿತ್ತು. ಕೊಲಂಬೊದಿಂದ ಸೂಯೆಜ್ ದಾಟಿ ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಹೊರಟಿತ್ತು. ಜರ್ಮನಿಯವರ ತನಿಖೆ ಬೊಟ್ಟು ಮಾಡಿದ್ದು ತೆಂಗಿನ ಇದ್ದಿಲು ತುಂಬಿದ ಡಬ್ಬದ ಕಡೆಗೆ. ವಿಯೆಟ್ನಾಂನ ಸರಕು. ಕಾಗದದಲ್ಲಿ 'ಕೋಕೋನಟ್ ಪೆಲೆಟ್ಸ್'. ಅದನ್ನ ಓದಿದಾಗ ಬೆನ್ನಲ್ಲಿ ಚಳಿ ಹುಟ್ಟಿತು ಮಾರಾಯ್ರೇ. ಅಲ್ಲೂ ಯಾರೋ ಒಬ್ಬ ಕುರ್ಚಿಯಲ್ಲಿ ಕೂತು ಅದನ್ನ ಟೈಪ್ ಮಾಡಿರಬೇಕಲ್ಲ? 23 ಜನ ಸಿಬ್ಬಂದಿ ಬದುಕಿಕೊಂಡರು.

ಕಾಗದ ಸರಿ ಇದ್ದರೆ ಎಲ್ಲ ಸರಿ ಅಂತಲೂ ಅಲ್ಲ. 2018ರ ಮಾರ್ಚ್‌ನಲ್ಲಿ ಇದೇ ಅರಬ್ಬಿ ಸಮುದ್ರದಲ್ಲಿ ಮೇರ್ಸ್ಕ್ ಹೊನಾಮ್ ಹೊತ್ತಿತು. ಇನ್ನೂ ಒಂದು ವರ್ಷವೂ ಆಗದ ಹಡಗು. ಸಿಬ್ಬಂದಿ 27, ಅವರಲ್ಲಿ 13 ಜನ ನಮ್ಮವರು. ಬೆಂಕಿ ಶುರುವಾದ ಮೂರನೇ ಹೋಲ್ಡ್‌ನಲ್ಲಿ 54 ಕಂಟೇನರ್ ತುಂಬ ಈಜುಕೊಳಕ್ಕೆಲ್ಲ ಹಾಕುವಂಥ ಕ್ಲೋರಿನ್ ರಾಸಾಯನಿಕ, ಸುಮಾರು ಸಾವಿರ ಟನ್. ಹೆಸರು ಹೇಳಿಯೇ ಕಳಿಸಿದ್ದ ಸರಕು. ಆದರೂ ಐವರು ಸತ್ತರು. ಆಮೇಲೆ ಕಂಪನಿಯವರು ಅಪಾಯದ ಡಬ್ಬಗಳನ್ನ ಸಿಬ್ಬಂದಿ ಮಲಗುವ ಜಾಗದ ಪಕ್ಕ ಇಡೋದಿಲ್ಲ ಅಂತ ನಿಯಮ ಮಾಡಿಕೊಂಡರು. ಹಾಗಾದರೆ ಅಲ್ಲಿಯ ತನಕ? ಬಿಡಿ.

ಆದರೆ ಅಲ್ಲಿ ಎಲ್ಲಿ ಏನಿದೆ ಅಂತ ಅವರಿಗೆ ಗೊತ್ತಿತ್ತು. ಹಡಗಿನಲ್ಲಿ ಬೆಂಕಿ ಬಿದ್ದರೆ ಫೈರ್ ಇಂಜಿನ್ ಬರೋಲ್ಲ, ಅಡುಗೆಯವನಿಂದ ಹಿಡಿದು ಕ್ಯಾಪ್ಟನ್ ತನಕ ಇದ್ದ ಇಪ್ಪತ್ತು ಚಿಲ್ಲರೆ ಜನವೇ ಅಗ್ನಿಶಾಮಕದವರು. ಹೊಗೆ ಬರ್ತಿರೋ ಡಬ್ಬದ ಮುಂದೆ ಪೈಪ್ ಹಿಡಿದು ನಿಂತವರು ಪಟ್ಟಿ ನೋಡ್ತಾರೆ: ಒಳಗಡೆ ಏನಿದೆಯಂತೆ? ನೀರು ಹಾಕಬಹುದಾ? ಕೆಲವಕ್ಕೆ ನೀರೇ ವಿಷ. 2025ರ ಮೇ 25ರಂದು ಕೊಚ್ಚಿ ಹತ್ತಿರ ಮುಳುಗಿದ ಎಂಎಸ್‌ಸಿ ಎಲ್ಸಾ 3ರಲ್ಲಿ 12 ಕಂಟೇನರ್ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು, ನೀರು ತಾಗಿದರೆ ಹೊತ್ತುವ ಅನಿಲ ಬಿಡುವಂಥದ್ದು. ನಮ್ಮ ಡಬ್ಬದ ಮುಂದೆ ನಿಂತವನಿಗೆ ಸಿಗುತ್ತಿದ್ದ ಉತ್ತರ ನಾನು ಬರೆದದ್ದು.

ಮೊನ್ನೆ ಸೀನಿಯರ್‌ಗೆ ಫೋನ್ ಮಾಡಿದ್ದೆ. ರಿಟೈರ್ ಆಗಿದ್ದಾರೆ. ಅವರಿಗೆ ನೆನಪೇ ಇರಲಿಲ್ಲ. "ತಲುಪಿತಲ್ಲಪ್ಪಾ, ಇನ್ನೇನು?" ಅಂದರು. ತಲುಪಿತ್ತು, ನಿಜ. ಆಗ ದಿನಾ ಕಂಟೇನರ್ ನಂಬರ್ ಹಾಕಿ ನೋಡ್ತಿದ್ದೆ, ಜೆಬೆಲ್ ಅಲಿಯಲ್ಲಿ ಇಳಿಯೋ ತನಕ. ನಾಲ್ಕು ಅಕ್ಷರ, ಏಳು ಅಂಕಿ. ನನ್ನ ಹಳೇ ಬೈಕಿನ ನಂಬರ್ ಮರೆತಿದೆ, ಅದು ಮರೆತಿಲ್ಲ.

ಮಂಗಳೂರಿಗೆ ಆ 18 ಜನ ಬಂದು ವಾರವಾದ ಮೇಲೆ ಅಮ್ಮ ಮತ್ತೆ ಕೇಳಿದ್ದರು, "ಸಿಕ್ಕಿದ್ರಾ ಆ ನಾಲ್ಕು ಮಕ್ಕಳು?"

ಇಲ್ಲಮ್ಮ ಅಂದೆ.