ನೀರಿನ ಮೇಲಣ ಹಾರಾಟ

ವರ್ಷದ ಉಳಿತಾಯದಿಂದ ಕೊಂಡ ಡ್ರೋನನ್ನು ಕಡಲ ನಡುವೆ ದೋಣಿಯಿಂದಲೇ ಹಾರಿಸಬೇಕೆಂಬುದು ನನ್ನ ಸೋದರಳಿಯನ ಹಂಬಲ. ಬೇಡವೆಂದೆ. ಆ ಯಂತ್ರವು ತಾನು ಮೇಲೆದ್ದ ಸ್ಥಳವನ್ನೇ ಮನೆಯೆಂದು ನೆನಪಿಟ್ಟುಕೊಳ್ಳುತ್ತದೆ; ದೋಣಿಯೋ ನಿಂತಲ್ಲಿ ನಿಲ್ಲದು. ಸಂಪರ್ಕ ಕಡಿದರೆ ಅದು ನಿಷ್ಠೆಯಿಂದ ಹಿಂದಿರುಗಿ, ದೋಣಿಯಿಲ್ಲದ ನೀರಿಗೇ ಇಳಿದೀತು! ಅಲೆಗಳಿಗೆ ತೀರಾ ಸಮೀಪ ಹಾರಿಸುವುದೂ ಅಪಾಯವೇ. ಹೊಳೆಯುತ್ತ ಚಲಿಸುವ ನೀರಿನಲ್ಲಿ ಅದರ ಕೆಳಮುಖದ ಕ್ಯಾಮೆರಾಗಳಿಗೆ ನೆಚ್ಚಬಹುದಾದ ಗುರುತು ಸಿಗುವುದಿಲ್ಲ.

2021ರ ಡ್ರೋನ್ ನಿಯಮಗಳ ಹಸಿರು ವಲಯವೊಂದನ್ನು ನಕ್ಷೆಯಲ್ಲಿ ನೋಡಿಕೊಂಡು, ದಡದಿಂದಲೇ ಹಾರಿಸಿದೆವು. ಮೊದಲು ಗಾಳಿಗೆ ಎದುರಾಗಿ, ಮರಳುವಾಗ ಗಾಳಿಯೇ ನೂಕುವಂತೆ. ಬ್ಯಾಟರಿ ಶೇಕಡಾ 50ಕ್ಕೆ ಇಳಿದೊಡನೆ ಹಿಂದಕ್ಕೆ ಕರೆಸಿದೆವು. ಚಿತ್ರದಲ್ಲಿ ದೋಣಿಗಳು ಅಕ್ಕಿಕಾಳಿನಷ್ಟು ಚಿಕ್ಕವು.

"ಇನ್ನೂ ಹತ್ತಿರ ಹೋಗಬಹುದಿತ್ತು, ಮಾಮ" ಎಂದು ಗೊಣಗಿದನಾದರೂ, ಯಂತ್ರದ ಮೇಲಿನ ಉಪ್ಪುನೀರ ಹನಿಗಳನ್ನು ಜತನದಿಂದ ಒರೆಸುತ್ತಲೇ ಇದ್ದ.